ತೋಟದ ತರಕಾರಿ ಎಲ್ಲಾ ಒಟ್ಟಿಗೇ ಬಂದ್ರೆ ಏನ್ ಮಾಡೋದು? ಕೀಳೋದರಿಂದ ಹಂಚೋವರೆಗೆ

ಹಲವು ಮನೆಯೋರು ಸೇರಿ ಮಾಡೋ ಸಮುದಾಯ ತೋಟದಲ್ಲಿ ಬೀಜ ಹಾಕೋ ದಿನ ಎಲ್ಲಾರೂ ಬರ್ತಾರೆ, ನೀರು ಹಾಕೋಕೆ ಅರ್ಧ ಜನ ಬರ್ತಾರೆ, ಆದ್ರೆ ನಿಜವಾದ ಫಜೀತಿ ಶುರುವಾಗೋದು ಬೇಸಿಗೆ ಬೆಳೆ ಒಟ್ಟಿಗೇ ಕೈಗೆ ಬಂದಾಗ. ಅಲ್ಲೀವರೆಗೂ ದಿನಾ ಹೋಗಿ ಹೀಚುಗಾಯಿ ಎಣಿಸ್ತಾ ಇದ್ದೋರೇ ಎರಡು ವಾರ ಕಳೆಯೋದ್ರೊಳಗೆ "ಅಯ್ಯೋ, ಮತ್ತೆ ಸೌತೆಕಾಯಾ" ಅಂತ ಮುಖ ತಿರುಗಿಸ್ತಾರೆ.

ನನ್ನ ಮೊದಲನೇ ವರ್ಷದ ಕಥೆ ಹೇಳ್ತೀನಿ. ನಾಲ್ಕು ದಿನ ತೋಟದ ಕಡೆ ಹೋಗಿರಲಿಲ್ಲ, ಹೋಗಿ ಎಲೆ ಸರಿಸಿ ನೋಡಿದ್ರೆ ಮೊಣಕೈ ಉದ್ದದ ಐದು ಸೌತೆಕಾಯಿ, ತುದಿ ಆಗ್ಲೇ ಹಳದಿ ತಿರುಗಿತ್ತು. ಇಷ್ಟು ದೊಡ್ಡದು ಬೆಳೆದಿದೀನಲ್ಲ ಅಂತ ಹೆಮ್ಮೆ ಬೇರೆ. ಐದನ್ನೂ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಪಕ್ಕದ ಪಾತಿಯವರಿಗೆ ಕೊಟ್ಟೆ, ಅವರೂ ಪಾಪ ನಗ್ತಾನೇ ತಗೊಂಡ್ರು. ಎರಡು ದಿನ ಬಿಟ್ಟು ಸಿಪ್ಪೆ ಹಾಕೋಣ ಅಂತ ಕಾಂಪೋಸ್ಟ್ ಗುಂಡಿ ಮುಚ್ಚಳ ತೆಗೆದ್ರೆ ಅದೇ ಐದು ಸೌತೆಕಾಯಿ, ನಾನು ಹಾಕಿದ್ದ ರಬ್ಬರ್ ಬ್ಯಾಂಡ್ ಸಮೇತ! ತಪ್ಪು ಅವರದ್ದಲ್ಲ. ಒಳಗೆ ಬೀಜ ಬಲಿತು ಗಟ್ಟಿಯಾಗಿತ್ತು, ತಿರುಳು ಹುಳಿ ಹುಳಿ, ಅದನ್ನ ಯಾರು ತಿಂತಾರೆ? ನಾನು ಹಂಚಿದೀನಿ ಅಂದ್ಕೊಂಡಿದ್ದೆ, ನಿಜ ಹೇಳ್ಬೇಕು ಅಂದ್ರೆ ನನ್ನ ಕಸಾನ ಅವರ ಮನೆ ಮುಟ್ಟಿಸಿದ್ದೆ ಅಷ್ಟೇ.

ಹಾಗಾಗಿ ನನ್ನ ಪ್ರಕಾರ ಹಂಚೋದು ಶುರುವಾಗೋದು ಕೀಳೋ ದಿನದಿಂದಾನೇ. ಸರಿಯಾದ ಹದದಲ್ಲಿ ಕಿತ್ತಿದ್ದನ್ನ ಯಾರು ಬೇಕಾದ್ರೂ ಖುಷಿಯಿಂದ ಇಸ್ಕೋತಾರೆ.

ಕತ್ತರಿ ಹಿಡಿಯೋಕೆ ಮುಂಚೆ

ಮೊದಲ ಕಾಯಿ ಬರೋಕೆ ಮುಂಚೇನೇ ಎಲ್ಲಾರೂ ಒಂದು ಹತ್ತು ನಿಮಿಷ ಕೂತು ಮಾತಾಡಿಕೊಳ್ಳಿ. ಯಾವ ಪಾತಿ ಯಾರದ್ದು, ಯಾವುದು ಎಲ್ಲಾರಿಗೂ ಸೇರಿದ್ದು, ಒಬ್ಬರು ಊರಲ್ಲಿ ಇಲ್ಲದಿದ್ರೆ ಅವರ ಗಿಡದಿಂದ ಯಾರು ಕೀಳಬಹುದು, ಇಷ್ಟು ಇತ್ಯರ್ಥ ಆದ್ರೆ ಮುಂದಿನ ಜಗಳದಲ್ಲಿ ಮುಕ್ಕಾಲು ಭಾಗ ಅಲ್ಲೇ ಮುಗೀತು. ತೋಟದಲ್ಲಿ ಮನಸ್ತಾಪ ಆಗೋದು ಸಾಮಾನ್ಯವಾಗಿ ಕಳ್ಳತನದಿಂದ ಅಲ್ಲ, "ಯಾರೂ ಕೀಳ್ತಿಲ್ಲ, ಹಾಳಾಗತ್ತಲ್ಲ ಅಂತ ನಾನೇ ಕಿತ್ತೆ" ಅನ್ನೋ ಒಳ್ಳೆ ಮನಸ್ಸಿಂದ.

ಸುಲಭದ ದಾರಿ ಅಂದ್ರೆ ಬಣ್ಣದ ದಾರ ಅಥವಾ ರಿಬ್ಬನ್. ಹಸಿರು ಕಟ್ಟಿದ್ರೆ ಯಾರು ಬೇಕಾದ್ರೂ ಕೀಳಬಹುದು, ಕೆಂಪು ಕಟ್ಟಿದ್ರೆ ಮುಟ್ಟೋ ಹಾಗಿಲ್ಲ. ಗೇಟ್ ಹತ್ರ ಒಂದು ಬೋರ್ಡ್ ಇರ್ಲಿ. ಯಾರಾದ್ರೂ ಗಿಡಕ್ಕೆ ಔಷಧಿ ಹೊಡೆದಿದ್ರೆ ಅದರ ಹೆಸರು, ತಾರೀಕು ಅಲ್ಲಿ ಬರೀಲೇಬೇಕು, ಯಾಕಂದ್ರೆ ಹೊಡೆದು ಎಷ್ಟು ದಿನ ಆದ್ಮೇಲೆ ಕಿತ್ತು ತಿನ್ನಬಹುದು ಅಂತ ಡಬ್ಬದ ಲೇಬಲ್ ಮೇಲೆ ಇರತ್ತೆ, ಅಷ್ಟು ದಿನ ಆ ಗಿಡದ ಕಾಯಿ ಮುಟ್ಟಬಾರದು. ಇದ್ರಲ್ಲಿ ಮಾತ್ರ ಮುಲಾಜು ಬೇಡ.

ಕೀಳೋದು ಯಾವಾಗ, ಹೇಗೆ

ಬೆಳಿಗ್ಗೆ ಬೇಗ ಹೋಗಿ. ರಾತ್ರಿ ತಂಪಿಗೆ ಎಲೆ ಕಾಯಿ ಎಲ್ಲಾ ನೀರು ಕುಡಿದು ನಳನಳಿಸ್ತಾ ಇರತ್ತೆ, ಮಧ್ಯಾಹ್ನ ಕಿತ್ತ ಸೊಪ್ಪು ಮನೆ ಸೇರೋದ್ರೊಳಗೆ ಜೋತುಬೀಳತ್ತೆ. ಆದ್ರೆ ಬೀನ್ಸ್ ವಿಷ್ಯದಲ್ಲಿ ಸ್ವಲ್ಪ ತಡೀರಿ, ಇಬ್ಬನಿ ಆರಿದ ಮೇಲೇನೇ ಕೈ ಹಾಕಿ. ಒದ್ದೆ ಗಿಡದ ಮಧ್ಯೆ ಓಡಾಡಿದ್ರೆ ನಮ್ಮ ಕೈ, ಬಟ್ಟೆ ಮೂಲಕಾನೇ ಎಲೆ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ದಾಟತ್ತೆ. ಎಳೆಯೋದು ತಿರುಚೋದು ಮಾಡ್ಬೇಡಿ, ತೊಟ್ಟನ್ನ ಕತ್ತರೀಲಿ ಕಟ್ ಮಾಡಿ, ಇಲ್ಲಾಂದ್ರೆ ಒಂದು ಕಾಯಿಗೆ ಒಂದು ರೆಂಬೇನೇ ಕಿತ್ತು ಬರತ್ತೆ.

ಬೆಂಡೆಕಾಯಿ ತರ ಅವಸರದ ತರಕಾರಿ ಇನ್ನೊಂದಿಲ್ಲ. ಹೂ ಬಿಟ್ಟ 4-6 ದಿನಕ್ಕೆ ಕಾಯಿ ರೆಡಿ, 7-10 ಸೆಂಟಿಮೀಟರ್ ಇದ್ದಾಗ್ಲೇ ಕೀಳಬೇಕು, ತುದಿ ಮುರಿದ್ರೆ ಟಕ್ ಅಂತ ಮುರೀಬೇಕು. ಬಗ್ಗಿದ್ರೆ ನಾರು ಬಂತು ಅಂತಾನೇ ಅರ್ಥ. ದಿನ ಬಿಟ್ಟು ದಿನ ಹೋಗೋಕಾಗಲ್ಲ ಅನ್ನೋರು ಬೆಂಡೆ ಪಾತೀನ ಇನ್ನೊಬ್ಬರ ಜೊತೆ ಸೇರಿ ಮಾಡೋದು ವಾಸಿ. ಸೌತೆ, ಜುಕಿನಿ (ಸೌತೆ ತರ ಕಾಣೋ ಒಂದು ಜಾತಿ ಕುಂಬಳ), ಬೀನ್ಸ್ ಮೂರರದ್ದೂ ಒಂದೇ ಬುದ್ಧಿ: ಗಿಡದಲ್ಲಿ ಒಂದು ಕಾಯಿ ಬಲಿತ್ರೆ ಬೀಜ ಆಯ್ತಲ್ಲ, ಕೆಲಸ ಮುಗೀತು ಅಂತ ಗಿಡ ಹೊಸ ಕಾಯಿ ಬಿಡೋದು ಕಮ್ಮಿ ಮಾಡತ್ತೆ. ಎಳಸಾಗಿ ಕೀಳ್ತಾ ಇದ್ದಷ್ಟೂ ಬಿಡ್ತಾನೇ ಇರತ್ತೆ. ಜುಕಿನಿ 15-20 ಸೆಂಟಿಮೀಟರ್ ಸಾಕು, ಬೀನ್ಸ್ ಒಳಗೆ ಕಾಳು ಉಬ್ಬಿ ಮೇಲೆ ಗಂಟು ಗಂಟು ಕಾಣೋಕೆ ಮುಂಚೆ. ಎಲೆ ಕೆಳಗೆ, ಬಳ್ಳಿ ಹಿಂದೆ ಬಗ್ಗಿ ನೋಡಿ ಸ್ವಾಮಿ, ನನ್ನ ಐದು ಸೌತೆಕಾಯಿ ಅಡಗಿದ್ದು ಅಲ್ಲೇ.

ಬದನೆಕಾಯಿ ಸಿಪ್ಪೆ ಮಿರಮಿರ ಮಿಂಚ್ತಾ ಇರ್ಬೇಕು, ಹೆಬ್ಬೆರಳಲ್ಲಿ ಒತ್ತಿದ್ರೆ ತಗ್ಗಾಗಿ ವಾಪಸ್ ಮೇಲೆ ಬರ್ಬೇಕು. ಹೊಳಪು ಹೋಗಿ ಮಂಕಾದ್ರೆ ಒಳಗೆ ಬರೀ ಬೀಜ, ಕಹಿ ಬೇರೆ.

ಟೊಮ್ಯಾಟೊ ಗಿಡದಲ್ಲೇ ಪೂರ್ತಿ ಕೆಂಪಾಗಬೇಕು ಅಂತ ಹಟ ಬೇಡ. ತಳದಲ್ಲಿ ಸ್ವಲ್ಪ ಬಣ್ಣ ತಿರುಗಿದ ದೋರೆಗಾಯಿ ಕಿತ್ತು ಮನೇಲಿಟ್ರೂ ಚೆನ್ನಾಗೇ ಹಣ್ಣಾಗತ್ತೆ, ಹಕ್ಕಿ ಕುಕ್ಕೋದು, ಮಳೆ ಬಂದು ಸಿಪ್ಪೆ ಒಡೆಯೋದು ಎರಡೂ ತಪ್ಪತ್ತೆ. ಹಂಚೋಕೂ ಇದೇ ಒಳ್ಳೇದು, ಪೂರ್ತಿ ಮಾಗಿದ ಹಣ್ಣು ಚೀಲದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋದ್ರೊಳಗೆ ಜಜ್ಜಿ ರಸ ಆಗಿರತ್ತೆ. ಬುಟ್ಟೀಲಿ ಎರಡು ಪದರಕ್ಕಿಂತ ಜಾಸ್ತಿ ಪೇರಿಸಬೇಡಿ.

ಕಿತ್ತ ಮೇಲೆ

ಕಿತ್ತಿದ್ದನ್ನ ತಕ್ಷಣ ನೆರಳಿಗೆ ಸೇರಿಸಿ. ಬುಟ್ಟಿ ಬಿಸಿಲಲ್ಲಿಟ್ಟು ಹರಟೆಗೆ ನಿಂತ್ರೆ ಬೆಳಿಗ್ಗೆ ಬೇಗ ಎದ್ದಿದ್ದೆಲ್ಲ ದಂಡ. ಸೊಪ್ಪು ಮಾತ್ರ ತಣ್ಣೀರಲ್ಲಿ ಅದ್ದಿ, ನೀರು ಚೆನ್ನಾಗಿ ಕೊಡವಿ, ಬಟ್ಟೇಲಿ ಸಡಿಲವಾಗಿ ಸುತ್ತಿ ಫ್ರಿಜ್ಜಲ್ಲಿಡಿ. ಉಳಿದಿದ್ದನ್ನ ತೊಳೆದು ಎತ್ತಿಡೋದು ಬೇಡ, ಮಣ್ಣಿದ್ರೆ ಒಣಬಟ್ಟೇಲಿ ಒರೆಸಿ ಸಾಕು, ತೊಳೆಯೋದು ಬಳಸೋವಾಗ. ಒದ್ದೆ ಇದ್ರೆ ಬೂಷ್ಟು ಬೇಗ ಹಿಡಿಯತ್ತೆ. ತೊಳೆಯೋಕೆ ಸೋಪು ಬೇಡ, ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೆದ್ರೆ ಆಯ್ತು.

ಟೊಮ್ಯಾಟೊ ಫ್ರಿಜ್ಜಲ್ಲಿಡೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯತ್ತೆ. ಸುಮಾರು 12 ಡಿಗ್ರಿಗಿಂತ ತಂಪಲ್ಲಿ ಅದರ ಘಮ ಕೊಡೋ ಅಂಶಗಳು ಕಮ್ಮಿ ಆಗತ್ತೆ, ಅಂಗಡಿ ಹಣ್ಣಿನ ರುಚಿ ಸಾಕು ಅಂದ್ರೆ ತೋಟ ಯಾಕೆ ಮಾಡ್ಬೇಕಿತ್ತು? ಹೊರಗೇ ಇಡಿ, ತೊಟ್ಟಿನ ಕಡೆ ಕೆಳಗೆ ಮಾಡಿ. ತೀರಾ ಮಾಗಿ ಇವತ್ತು ನಾಳೆ ಅನ್ನೋ ಹಾಗಿದ್ರೆ ಮಾತ್ರ ಫ್ರಿಜ್ಜಿಗೆ. ಸೌತೆ, ಬದನೆಗೂ 10 ಡಿಗ್ರಿಗಿಂತ ಕಮ್ಮಿ ತಂಪು ಆಗಿಬರಲ್ಲ, ಮೂರ್ನಾಲ್ಕು ದಿನಕ್ಕೆ ಮೇಲೆ ಗುಳಿ ಬಿದ್ದು ಮೆತ್ತಗಾಗತ್ತೆ, ಫ್ರಿಜ್ಜಲ್ಲಿಟ್ರೆ ಬೇಗ ಮುಗಿಸಿ. ಕಾಮಕಸ್ತೂರಿ ಎಲೆ ಫ್ರಿಜ್ಜಲ್ಲಿ ಕಪ್ಪಾಗತ್ತೆ, ಹೂವಿನ ತರ ಒಂದು ಲೋಟ ನೀರಲ್ಲಿ ನಿಲ್ಲಿಸಿ.

ಇನ್ನೊಂದು, ಮಾಗ್ತಾ ಇರೋ ಟೊಮ್ಯಾಟೊ, ಕರಬೂಜ, ಬಾಳೆಹಣ್ಣು ಇವೆಲ್ಲ ಎಥಿಲೀನ್ ಅನ್ನೋ ಗ್ಯಾಸ್ ಬಿಡ್ತಾವೆ. ಪಕ್ಕದಲ್ಲಿ ಸೌತೆ, ಸೊಪ್ಪು ಇಟ್ರೆ ಅವು ಬೇಗ ಹಳದಿ ಆಗ್ತಾವೆ. ಬೇರೆ ಬೇರೆ ಇಡಿ.

ಹಂಚೋದು

ಒಂದು ಸಣ್ಣ ತಕ್ಕಡಿ ತಗೊಳ್ಳಿ. ಕಣ್ಣಳತೇಲಿ ಪಾಲು ಮಾಡಿದ್ರೆ ಪ್ರತಿ ಸಲ ಒಬ್ಬರಿಗೆ ಕಮ್ಮಿ ಅನ್ಸೇ ಅನ್ಸತ್ತೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಎಲ್ಲಾರಿಗೂ ಸೇರಿದ ಪಾತೀದು ಎಷ್ಟು ಬಂತು ಅಂತ ತೂಗಿ ಬೋರ್ಡ್ ಮೇಲೆ ಬರೀರಿ, ಎಷ್ಟು ಮನೆ ಇದೆ ನೋಡಿ ಭಾಗ ಮಾಡಿ. ಎಲ್ಲಾರಿಗೂ ಎಲ್ಲಾದೂ ಸಮ ಅಂತ ಲೆಕ್ಕ ಹಾಕೋದು ನ್ಯಾಯದ ತರ ಕಾಣತ್ತೆ, ಆದ್ರೆ ಬದನೆ ಮುಟ್ಟದೋರಿಗೆ ಬದನೆ ಕೊಟ್ಟು ಏನು ಸಾರ್ಥಕ? ಮೊದಲು ಪಾಲು ಮಾಡಿ, ಆಮೇಲೆ ಒಂದು ಮೇಜಿನ ಮೇಲೆ ಬೇಡದ್ದನ್ನ ಇಟ್ಟು ಬೇಕಾದ್ದು ತಗೊಳ್ಳಿ ಅಂದ್ಬಿಡಿ, ಹತ್ತೇ ನಿಮಿಷದಲ್ಲಿ ಬದನೆ ಹೋಗಿ ಬೀನ್ಸ್ ಬಂದಿರತ್ತೆ. ತೋಟಕ್ಕೆ ಬರೋಕಾಗದ ವಯಸ್ಸಾದೋರ ಪಾಲು ಮೊದಲೇ ತೆಗೆದಿಡಿ, ಕೊನೇಲಿ ಉಳಿದಿದ್ದು ಕೊಡೋದಲ್ಲ.

ತೋಟದ ಹೊರಗಿನೋರಿಗೆ ಕೊಡೋವಾಗ ಒಂದೇ ಹೊತ್ತಿನ ಅಡುಗೆಗೆ ಆಗೋಷ್ಟು ಕೊಡಿ. ಮೂರು ಬದನೆ, ಒಂದು ಹಿಡಿ ಬೀನ್ಸ್, ಎರಡು ಮೆಣಸಿನಕಾಯಿ, ಕೊಟ್ಟೋರಿಗೂ ಹಗುರ ಇಸ್ಕೊಂಡೋರಿಗೂ ಹಗುರ. ಮೂರು ಕೆಜಿ ಚೀಲ ಬಾಗಿಲಲ್ಲಿಟ್ಟು ಬೆಲ್ ಹೊಡೆದು ಓಡಿ ಬರೋದು ಪ್ರೀತಿ ಅಲ್ಲ ರೀ. ತೀರಾ ಅಪರೂಪದ ತರಕಾರಿ ಆದ್ರೆ ಹೇಗೆ ತಿನ್ನೋದು ಅಂತ ಒಂದು ಚೀಟಿ ಹಾಕಿ.

ಉಚಿತ ಊಟ ಹಾಕೋ ಅಡುಗೆಮನೆ, ಆಶ್ರಮದಂತ ಕಡೆ ಕೊಡೋದಾದ್ರೆ ಮೊದಲು ಫೋನ್ ಮಾಡಿ ಏನು ಬೇಕು, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿ. ಕಿತ್ತ ದಿನಾನೇ ಮುಟ್ಟಿಸಿ, ಹೆಚ್ಚದೆ ಇಡಿಯಾಗಿ ಕೊಡಿ, ಒಡೆದಿದ್ದು ಹುಳ ತಿಂದಿದ್ದು ಬೇಡ. ನಾವು ತಿನ್ನೋಕೆ ಹಿಂದೆ ಮುಂದೆ ನೋಡೋದನ್ನ ಅಲ್ಲಿಗೆ ಕಳಿಸಬಾರದು.

ತೋಟದಲ್ಲೇ ಒಟ್ಟಿಗೆ ಊಟ

ಬೆಳೆ ಜೋರಾಗಿರೋ ವಾರ ಒಂದು ದಿನ ಅಲ್ಲೇ ನೆರಳಲ್ಲಿ ಎಲ್ಲಾ ಸೇರಿ ತಿನ್ನಿ. ದೊಡ್ಡ ಅಡುಗೆ ಏನೂ ಬೇಡ, ಬಿಸಿಲು ತಾಗಿ ಬೆಚ್ಚಗಿರೋ ಟೊಮ್ಯಾಟೊನ ದಪ್ಪ ಹೋಳು ಮಾಡಿ ಒಂಚೂರು ಉಪ್ಪು ಉದುರಿಸಿ ಐದು ನಿಮಿಷ ಬಿಡಿ, ತಟ್ಟೇಲಿ ನಿಲ್ಲೋ ಆ ತೆಳು ಗುಲಾಬಿ ರಸ ಯಾರು ಕುಡೀಬೇಕು ಅಂತ ನಮ್ಮಲ್ಲಿ ಮಕ್ಕಳಿಗಿಂತ ದೊಡ್ಡೋರೇ ಕಿತ್ತಾಡ್ತಾರೆ. ಮೆಕ್ಕೆಜೋಳ ಇದ್ರೆ ಅವತ್ತೇ ಕಿತ್ತು ಅವತ್ತೇ ಬೇಯಿಸಿ, ಇಟ್ಟಷ್ಟೂ ಅದರ ಸಕ್ಕರೆ ಪಿಷ್ಟ ಆಗ್ತಾ ಹೋಗತ್ತೆ. ಕೈ ತೊಳೆಯೋಕೆ ನೀರು ಸೋಪು ಇಡಿ, ಮಣ್ಣು ಗೊಬ್ಬರ ಮುಟ್ಟಿದ ಕೈ ಅದು. ಹೆಚ್ಚಿದ ಹಣ್ಣು, ಸಲಾಡ್ ಹೊರಗೆ 2 ಗಂಟೆ ಮೀರಬಾರದು, ಬಿಸಿಲು 32 ಡಿಗ್ರಿ ದಾಟಿದ್ರೆ 1 ಗಂಟೆ ಅಷ್ಟೇ.

ಆಮೇಲೂ ಉಳಿದ್ರೆ

ಬೀನ್ಸ್ ತುಂಡು ಮಾಡಿ ಕುದಿಯೋ ನೀರಲ್ಲಿ 3 ನಿಮಿಷ, ತಕ್ಷಣ ಐಸ್ ನೀರಲ್ಲಿ ಇನ್ನೊಂದು 3 ನಿಮಿಷ, ನೀರು ಪೂರ್ತಿ ಆರಿಸಿ ತಟ್ಟೇಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ಗೆ, ಗಟ್ಟಿಯಾದ ಮೇಲೆ ಕವರ್‌ಗೆ ತುಂಬಿ. ಬಿಸಿನೀರಿಗೆ ಹಾಕದೆ ಹಾಗೇ ಇಟ್ರೆ ಕಿಣ್ವಗಳು ಕೆಲಸ ಮಾಡ್ತಾನೇ ಇದ್ದು ಬಣ್ಣ ರುಚಿ ಎರಡೂ ಕೆಡತ್ತೆ. ಟೊಮ್ಯಾಟೊಗೆ ಇಷ್ಟೂ ಬೇಡ, ತೊಳೆದು ಒರೆಸಿ ಇಡಿಯಾಗೇ ಫ್ರೀಜ್ ಮಾಡಿ, ಬೇಕಾದಾಗ ನಲ್ಲಿ ಕೆಳಗೆ ಹಿಡಿದ್ರೆ ಸಿಪ್ಪೆ ಜಾರಿ ಬರತ್ತೆ. ಮೆಣಸಿನಕಾಯಿ ಒಣಗಿಸಿ.

ಬಾಟಲಿಗೆ ತುಂಬಿ ಗಾಳಿಯಾಡದ ಹಾಗೆ ಮುಚ್ಚಿಡೋ ಆಸೆ ಇದ್ರೆ ಹುಷಾರು. ಬೀನ್ಸ್, ಬೆಂಡೆ, ಜೋಳದಂತ ಹುಳಿ ಇಲ್ಲದ ತರಕಾರೀಲಿ ಬಾಟುಲಿಸಂ ಅನ್ನೋ ಜೀವಕ್ಕೇ ಅಪಾಯದ ವಿಷಬಾಧೆ ತರೋ ಬ್ಯಾಕ್ಟೀರಿಯಾದ ಬೀಜಕಣ ಬರೀ ಕುದಿಸಿದ್ರೆ ಸಾಯಲ್ಲ, ಅದರಿಂದ ಆಮೇಲೆ ಆಗೋ ವಿಷ ವಾಸನೆ ರುಚೀಲಿ ಗೊತ್ತಾಗ್ಲೇಬೇಕು ಅಂತೇನೂ ಇಲ್ಲ. ಅದಕ್ಕೇ ಅಂತ ಇರೋ ಪ್ರೆಶರ್ ಕ್ಯಾನರ್ (ಬಾಟಲಿ ಸಮೇತ ಒತ್ತಡದಲ್ಲಿ ಬಿಸಿ ಮಾಡೋ ಪಾತ್ರೆ) ಇಲ್ಲದಿದ್ರೆ ಕೈ ಹಾಕ್ಬೇಡಿ, ಎಣ್ಣೇಲಿ ಹಸಿ ಬೆಳ್ಳುಳ್ಳಿ ಹಾಕಿ ಹೊರಗಿಡೋದೂ ಬೇಡ.

ಕೊನೇದಾಗಿ ಬೀಜ. ಟೊಮ್ಯಾಟೊ ಬೀಜಾನ ತಿರುಳಿನ ಸಮೇತ ಲೋಟಕ್ಕೆ ಹಿಂಡಿ ಎರಡು ಮೂರು ದಿನ ಹುಳಿ ಬರೋಕೆ ಬಿಡಿ, ಲೋಳೆ ಬಿಟ್ಟು ಒಳ್ಳೆ ಬೀಜ ತಳ ಸೇರತ್ತೆ, ತೊಳೆದು ತಟ್ಟೇಲಿ ಒಣಗಿಸಿ, ಪೇಪರ್ ಮೇಲೆ ಬೇಡ ಅಂಟ್ಕೊಳತ್ತೆ. ಎಫ್1 ಹೈಬ್ರಿಡ್, ಅಂದ್ರೆ ಎರಡು ತಳಿ ಬೆರೆಸಿ ಮಾಡಿದ ಬೀಜ ಆದ್ರೆ ಮುಂದಿನ ಗಿಡ ಅದೇ ತರ ಬರಲ್ಲ, ನಾಟಿ ತಳಿ ಆದ್ರೆ ಮಾತ್ರ ಎತ್ತಿಡಿ. ಸೌತೆಗೆ ಮಾತ್ರ ಎಳೆಕಾಯಿ ಆಗಲ್ಲ, ಬಳ್ಳೀಲೇ ಬಲಿತು ಪೂರ್ತಿ ಹಳದಿ ಆಗ್ಬೇಕು, ತೋಟದಲ್ಲಿ ಒಂದೇ ತಳಿಯ ಸೌತೆ ಇದ್ರೆ ಒಳ್ಳೇದು, ಇಲ್ಲಾಂದ್ರೆ ಜೇನುನೊಣ ಎಲ್ಲಾ ಬೆರೆಸಿಬಿಟ್ಟಿರತ್ತೆ. ಈಗ ನಾನು ಪ್ರತಿ ವರ್ಷ ಒಂದು ಬಳ್ಳಿಗೆ ಕೆಂಪು ರಿಬ್ಬನ್ ಕಟ್ಟಿ ಒಂದೇ ಒಂದು ಕಾಯಿನ ಮೊಣಕೈ ಉದ್ದ ಆಗೋವರೆಗೂ ಬಿಡ್ತೀನಿ. ಪಕ್ಕದ ಪಾತಿಯವರು ಅದನ್ನ ನೋಡಿದಾಗೆಲ್ಲ ರಬ್ಬರ್ ಬ್ಯಾಂಡ್ ಬೇಕಾ ಅಂತ ಕೇಳ್ತಾರೆ.