ದೊಡ್ಡ ಕ್ಯಾಲಿಪರ್ ಹಾಕಿದರೆ ಪೆಡಲ್ ಯಾಕೆ ಕೆಳಗೆ ಹೋಗುತ್ತದೆ?

ದುಡ್ಡು ಸುರಿದು ಕಾರಿನ ಬ್ರೇಕಿಗೆ ದೊಡ್ಡ ಕ್ಯಾಲಿಪರ್ (ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಸಿದ್ದಾಯಿತು, ಬ್ರೇಕ್ ಪೆಡಲ್ ಮಾತ್ರ ಮೊದಲಿಗಿಂತ ಕೆಳಗೆ ಹೋಗುತ್ತಿದೆ. ಮೆಕ್ಯಾನಿಕ್ ಮೇಲೆ ರೇಗುವ ಮೊದಲು ಲೆಕ್ಕ ನೋಡಿ. 48 ಮಿ.ಮೀ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 1,810 ಚದರ ಮಿ.ಮೀ.; 54 ಮಿ.ಮೀ. ಪಿಸ್ಟನ್ನಿನದು 2,290. ಪ್ಯಾಡ್ ಅಷ್ಟೇ ದೂರ ಸರಿಯಲು ಶೇ 27ರಷ್ಟು ಹೆಚ್ಚು ಬ್ರೇಕ್ ಆಯಿಲ್ ಬೇಕು. ಅದನ್ನು ತಳ್ಳಬೇಕಾದದ್ದು ನಿಮ್ಮ ಕಾಲೇ. ಪೈಪಿನೊಳಗಿನ ಒತ್ತಡ ಇದರಿಂದ ಏರುವುದಿಲ್ಲ. ಅದೇ ಒತ್ತಡ ಅಗಲವಾದ ಪಿಸ್ಟನ್ ಮೇಲೆ ಬೀಳುವುದರಿಂದ ಹಿಡಿತ ಹೆಚ್ಚುತ್ತದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಆದರೆ ಒಂದು ಬದಿಯ ಎರಡನ್ನಷ್ಟೇ ಕೂಡಿಸಿ, ಒಂದೇ ಬದಿಯಲ್ಲಿ ಪಿಸ್ಟನ್ ಇರುವ ಹಳೆಯದರ ಜೊತೆ ಹೋಲಿಸಿ. ನಾಲ್ಕನ್ನೂ ಕೂಡಿಸಿ ಬೀಗುವವರೇ ಹೆಚ್ಚು!

ಪೆಡಲ್ ಮೇಲೆ ಬರಲಿ ಎಂದು 20.64 ಮಿ.ಮೀ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಸಿಲಿಂಡರ್) ತೆಗೆದು 22.22ರದ್ದು ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ, ನಿಜ. ಆದರೆ ಅದರ ಪಿಸ್ಟನ್ ಮೇಲೆ 800 ನ್ಯೂಟನ್ ಬಲ ಬಿದ್ದಾಗ ಮೊದಲು ಸುಮಾರು 24 ಬಾರ್ ಇದ್ದ ಒತ್ತಡ ಈಗ 20.6ಕ್ಕೆ ಇಳಿಯುತ್ತದೆ. ಗಟ್ಟಿ ಪೆಡಲ್ ಎಂದರೆ ಜೋರು ಬ್ರೇಕ್ ಅಲ್ಲ. ಸ್ಟೀಲ್ ಹೆಣಿಗೆಯ ಹೋಸ್ ಕೂಡ ಒತ್ತಡ ಹೆಚ್ಚಿಸುವುದಿಲ್ಲ, ರಬ್ಬರ್ ಉಬ್ಬುವುದನ್ನು ತಪ್ಪಿಸುತ್ತದೆ ಅಷ್ಟೇ.

ಹಾಗಾಗಿ ಮೊದಲು ಹಿಂದಿನ ಚಕ್ರದ ಡ್ರಮ್ ಬ್ರೇಕ್ ಅಡ್ಜಸ್ಟ್ ಮಾಡಿಸಿ. ಅದರೊಳಗಿನ ಶೂ ಸಡಿಲವಿದ್ದರೆ ಯಾವ ಕಿಟ್ ಹಾಕಿದರೂ ಪೆಡಲ್ ಮೇಲೆ ಬಾರದು. ಆಮೇಲೆ ಒಳ್ಳೆಯ ಪ್ಯಾಡ್, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ನೀರು ಹೀರಿದ ಮೇಲೆ 155ರವರೆಗೂ ಇಳಿಯಬಹುದು. ಘಾಟಿ ಇಳಿಯುವಾಗ ಪೆಡಲ್ ದಿಢೀರನೆ ಟೊಳ್ಳಾಗುವುದು ಆಯಿಲ್ ಕುದಿದು ಆವಿಯಾದಾಗ. ಇಷ್ಟೂ ಸಾಲದಿದ್ದರೆ ಮಾತ್ರ ಕ್ಯಾಲಿಪರ್. ಮುಂದಿನದನ್ನಷ್ಟೇ ದೊಡ್ಡದು ಮಾಡಿದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಹಿಂದಿನ ಬ್ರೇಕಿನ ಪೂರ್ತಿ ಶಕ್ತಿ ಬಳಕೆಗೇ ಬರುವುದಿಲ್ಲ.

ಕೂರಿಸುವಾಗ ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಮೇಲ್ಗಡೆ ಇರಬೇಕು. ಎಡದ ಕ್ಯಾಲಿಪರ್ ಬಲಕ್ಕೆ ಹೋದರೆ ನಿಪ್ಪಲ್ ಕೆಳಗೆ ಬಂದು ಗಾಳಿ ಮೇಲ್ಗಡೆಯೇ ಉಳಿಯುತ್ತದೆ; ಲೀಟರ್‌ಗಟ್ಟಲೆ ಆಯಿಲ್ ಹರಿಸಿದರೂ ಪೆಡಲ್ ಸ್ಪಂಜೇ. ಏರ್ ತೆಗೆಯುವಾಗ ಪೆಡಲ್ ಅಡಿಗೆ ಮರದ ತುಂಡು ಇಡಿ. ಹಳೆಯ ಮಾಸ್ಟರ್ ಸಿಲಿಂಡರಿನ ಒಳತುದಿಯಲ್ಲಿ ತುಕ್ಕು ಕೂತಿರಬಹುದು. ಪೆಡಲನ್ನು ತಳಮುಟ್ಟ ಒತ್ತಿದರೆ ಸೀಲ್ ಅಲ್ಲಿಗೆ ಉಜ್ಜಿ ಹರಿಯುತ್ತದೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್ ಒಳಗೆ ಗಾಳಿ ಸೇರಿದ್ದರೆ ಅದನ್ನು ತೆಗೆಯಲು ಹಲವು ಕಾರುಗಳಲ್ಲಿ ಸ್ಕ್ಯಾನರ್ ಬೇಕಾಗುತ್ತದೆ.

ಕೊನೆಗೆ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡನೇ ಸಲ ಒತ್ತಿದಾಗ ಮೇಲೆ ಬಂದರೆ ಗಾಳಿ ಉಳಿದಿದೆ, ಅಥವಾ ಡ್ರಮ್ ಇನ್ನೂ ಸಡಿಲ. ಪೆಡಲ್ ಒತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ತುಸು ಇಳಿದರೆ ಗಾಬರಿ ಬೇಡ, ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ತನ್ನ ಕೆಲಸ ಶುರು ಮಾಡಿದೆ.