ಹಬ್ಬದ ಹಲ್ವಾಕ್ಕೆ ತುಪ್ಪ ಬೇಡ, ಕಾಯಿಹಾಲು ಸಾಕು

ಬೆನೆ ಇಸ್ರೇಲ್ ಯೆಹೂದಿಗಳ ಮನೆಯಿಂದ ಹೊಸವರ್ಷದ ಊಟಕ್ಕೆ ಕರೆ ಬಂದರೆ ಮೈಸೂರು ಪಾಕ್ ಕಟ್ಟಿಸಿಕೊಂಡು ಹೊರಡಬೇಡಿ. ಅವರಲ್ಲಿ ಮಾಂಸದ ಜೊತೆ ಹಾಲು, ಮೊಸರು, ತುಪ್ಪ ಸಲ್ಲದು. ಹಬ್ಬದೂಟದಲ್ಲಿ ಮಟನ್ನೋ ಕೋಳಿಯೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮಾಂಸ ತಿಂದ ಮೇಲೂ ಸ್ವಲ್ಪ ಹೊತ್ತು ಹಾಲಿನದನ್ನು ಮುಟ್ಟುವುದಿಲ್ಲ. ಕಟ್ಟುನಿಟ್ಟಿನವರು ಬೇರೆ ಅಡುಗೆಮನೆಯ ತಿಂಡಿಯನ್ನೇ ತಿನ್ನದಿರಬಹುದು. ಅದರ ಬದಲು ಹೆಚ್ಚದ ಹಣ್ಣು ಒಯ್ಯಿರಿ: ಸೇಬು, ದಾಳಿಂಬೆ, ಖರ್ಜೂರ. ಆ ಹಬ್ಬಕ್ಕೆ ಅವು ಬೇಕೇ ಬೇಕು.

ಇವರು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡಿದ್ದವರು. ಶನಿವಾರ ಅವರ ಧರ್ಮದಲ್ಲಿ ದುಡಿಯಬಾರದ ದಿನ. ಅಂದು ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅನ್ನುತ್ತಿದ್ದರು. ಕರಾವಳಿಯಲ್ಲಿ ತೆಂಗಿಗೇನು ಬರ? ಮಟನ್ ಸಾರಿಗೂ, ಆಮೇಲಿನ ಸಿಹಿಗೂ ಅದೇ ಕಾಯಿಹಾಲು. ಅಲ್ಲಿಗೆ ಕಟ್ಟಳೆಯೂ ಉಳಿಯಿತು, ನಾಲಿಗೆಯೂ ತಣಿಯಿತು.

ಅವರ ಹೊಸವರ್ಷದ ಹಲ್ವಾ ನಮ್ಮ ಗೋಧಿ ಹಾಲುಬಾಯಿಯ ಒಡಹುಟ್ಟು. ಇಡೀ ಗೋಧಿಯನ್ನು ಎರಡು ಮೂರು ದಿನ ನೆನೆಹಾಕಿ. ನೀರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬರುವ ಹುಳಿವಾಸನೆಯನ್ನು ಯಾವ ಏಲಕ್ಕಿಯೂ ಮುಚ್ಚುವುದಿಲ್ಲ. ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಗ್ಗೆ ಮೇಲಿನ ತಿಳಿ ಚೆಲ್ಲಿದರೆ ತಳದಲ್ಲಿ ಉಳಿಯುವ ಬಿಳಿ ಗಸಿಗೆ ಅವರು 'ಚೀಕ್' ಅನ್ನುತ್ತಾರೆ. ಅದಕ್ಕೆ ಕಾಯಿಹಾಲು, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ, ಸೋಸಿ, ಆಮೇಲೆ ಒಲೆ ಹಚ್ಚಿ. ಬಿಸಿ ಹಾಲಿಗೆ ಚೀಕ್ ಸುರಿದಿರೋ, ಗಂಟು ಗ್ಯಾರಂಟಿ. ದಪ್ಪ ತಳದ ಪಾತ್ರೆ ಇರಲಿ, ಸಣ್ಣ ಉರಿ ಇರಲಿ, ಸರದಿಯ ಮೇಲೆ ತಿರುವಲು ಮನೆಯಲ್ಲಿ ಇನ್ನೊಬ್ಬರೂ ಇರಲಿ. ಫೋನು ಬಂತೆಂದು ಸೌಟು ಬಿಟ್ಟು ಎದ್ದರೆ ತಳ ಹಿಡಿದಂತೆಯೇ. ಮುದ್ದೆಯಾಗಿ ಪಾತ್ರೆ ಬಿಟ್ಟು, ಅಂಚಿನಲ್ಲಿ ಕಾಯೆಣ್ಣೆ ಜಿನುಗತೊಡಗಿದಾಗ ಇಳಿಸಿ. ಚೂರು ತೆಗೆದು ಆರಿಸಿ ಮುಟ್ಟಿದರೆ ಬೆರಳಿಗೆ ಅಂಟಬಾರದು. ತಟ್ಟೆಗೆ ತುಪ್ಪ ಸವರುವುದು ನಮ್ಮ ಕೈಯ ಚಾಳಿ, ಅಲ್ಲೇ ಎಚ್ಚರ! ಕೊಬ್ಬರಿ ಎಣ್ಣೆ ಸವರಿ. ಮೇಲೆ ಬಾದಾಮಿ, ಪಿಸ್ತಾ ಉದುರಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸಿ. ಈಗೀಗ ಕಾರ್ನ್‌ಫ್ಲೋರ್, ಚೀನಾ ಗ್ರಾಸ್ ಹಾಕಿ ಬೇಗ ಮುಗಿಸುತ್ತಾರೆ. ನೋಡಲು ಚೆನ್ನ, ಆದರೆ ಗೋಧಿಯ ಆ ಜಿಗುಟು ಎಲ್ಲಿಂದ ಬರಬೇಕು?

ಹರಕೆ ತೀರಿಸುವಾಗ, ಮದುವೆಯ ಸಮಯದಲ್ಲಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಾಡುವ ಮಲೀದಾ ಸುಲಭ: ಅವಲಕ್ಕಿ, ಕಾಯಿತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಒಣಹಣ್ಣು, ಸುತ್ತ ತಾಜಾ ಹಣ್ಣು. ಅವಲಕ್ಕಿಯನ್ನು ನೆನೆಹಾಕದೆ ಜರಡಿಯಲ್ಲಿ ತೊಳೆದು ನೀರು ಬಸಿದರೆ ಸಾಕು, ತಾನೇ ಅರಳುತ್ತದೆ. ಕಾಯಿತುರಿ ಬೆರೆಸುವುದು ಪ್ರಾರ್ಥನೆಗೆ ಸ್ವಲ್ಪ ಮುಂಚೆ. ಸೆಕೆಗೆ ಬೇಗ ಹಳಸುತ್ತದೆ.

ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬಕ್ಕೆ ಮುಂಚೆ ಹುಳಿಬರಿಸಿದ ಹಿಟ್ಟಿನ ಚೂರೂ ಮನೆಯಲ್ಲಿರಬಾರದು. ಬ್ರೆಡ್ಡು, ಬಿಸ್ಕತ್ತು ಎಲ್ಲರಿಗೂ ನೆನಪಾಗುತ್ತವೆ. ನಾನು ಹೇಳುವುದು ಇಂಗಿನ ಡಬ್ಬಿಯ ವಿಷಯ. ಅಂಗಡಿಯ ಪುಡಿ ಇಂಗಿನಲ್ಲಿ ಹೆಚ್ಚಾಗಿ ಮೈದಾ ಇರುತ್ತದೆ, ಲೇಬಲ್ ಓದಿ. ಯುರೋಪ್ ಮೂಲದ ಯೆಹೂದಿಗಳು ಆ ದಿನಗಳಲ್ಲಿ ಅಕ್ಕಿಯನ್ನೂ ಬಿಡುವುದುಂಟು, ಇವರು ಬಿಡುವುದಿಲ್ಲ. ಆದರೆ ಅಕ್ಕಿಯಲ್ಲಿ ಗೋಧಿಕಾಳು ಸೇರಿಲ್ಲವೆಂದು ಹಗಲಲ್ಲೇ ಆರಿಸಿಡಿ. ಆ ಹಬ್ಬದ ಖರ್ಜೂರದ ಪಾಕ ಕಾಯಿಸುವಾಗ ಬೇಯಿಸಿ, ಹಿಂಡಿ, ಸೋಸಿ, ಜೇನಿನಷ್ಟು ಗಟ್ಟಿಯಾಗುವ ಮುಂಚೆಯೇ ಇಳಿಸಿ, ಆರಿದಾಗ ಅದು ಇನ್ನೂ ಗಟ್ಟಿಯಾಗುತ್ತದೆ.

ಶುಕ್ರವಾರ ಸಂಜೆಯ ಪ್ರಾರ್ಥನೆಗೆ ವೈನ್ ಬದಲು ಕಪ್ಪು ದ್ರಾಕ್ಷಿಯ ಶರಬತ್ತು ಇಡುತ್ತಾರೆ. ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ನೆನೆಸಿ, ಕಿವುಚಿ ಸೋಸಿ. ಶನಿವಾರದ ಬಿಡುವು ಶುಕ್ರವಾರ ಸಂಜೆಯೇ ಶುರು. ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚುವಂತಿಲ್ಲ, ಶನಿವಾರದ ಅಡುಗೆಯೂ ಅಷ್ಟರೊಳಗೆ ಮುಗಿದಿರಬೇಕು. ಹಿಂಡಿದ ಸಿಪ್ಪೆ ಎಸೆಯಬೇಡಿ, ಹಸಿಮೆಣಸು, ಶುಂಠಿ ಸೇರಿಸಿ ಅರೆದರೆ ಒಳ್ಳೆ ಚಟ್ನಿ.