ಪೀಶಕತ್ತಿ, ಮೈಲುತುತ್ತು ಮತ್ತು ಹಂಚಿನ ತೂತು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ನಮ್ಮ ಕ್ಲಾಸಿನಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ, ಕೊಂಕಣಿ ಎಲ್ಲ ಮನೆಮಾತಿನ ಮಕ್ಕಳೂ ಇದ್ದಾರೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಇವೆ. ಆದರೆ ನನಗೆ ಸಿಗುವ ವಿಡಿಯೋಗಳಲ್ಲಿ ಜಾಸ್ತಿಯವು ಮಲಯಾಳ, ಇಲ್ಲವೇ ಇಂಗ್ಲಿಷ್. ಅದನ್ನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುವಷ್ಟರಲ್ಲಿ ಮಕ್ಕಳ ಕಣ್ಣು ಕಿಟಕಿಯ ಹೊರಗೆ ಹೋಗಿರುತ್ತದೆ. ಹೊರಗೆ ಅಡಿಕೆ ತೋಟ. ಪಾಠವನ್ನು ಅಲ್ಲಿಂದಲೇ ಸುರು ಮಾಡಬಹುದು ಅಂತ ನನಗೆ ಹೊಳೆಯಲು ಕೆಲವು ವರ್ಷ ಬೇಕಾಯಿತು. ಹೊಳೆಯುವಂತೆ ಮಾಡಿದ್ದು ಒಬ್ಬ ಹುಡುಗ.

ಹತ್ತನೇ ಕ್ಲಾಸಿಗೆ ಲೋಹಗಳ ಕ್ರಿಯಾಶೀಲ ಶ್ರೇಣಿಯ, ಅಂದರೆ ಯಾವ ಲೋಹ ಹೆಚ್ಚು ಚುರುಕಾಗಿ ಕ್ರಿಯೆಗೆ ಇಳಿಯುತ್ತದೆ ಎಂಬ ಪಟ್ಟಿಯ ಪಾಠ ನಡೆಯುತ್ತಿತ್ತು. ಕಾಪರ್ ಸಲ್ಫೇಟಿನ ನೀರಿಗೆ ಕಬ್ಬಿಣ ಹಾಕಿದರೆ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ, ತಾಮ್ರ ಹೊರಗೆ ಬಂದು ಕಬ್ಬಿಣದ ಮೇಲೆ ಕೂರುತ್ತದೆ. ಬೋರ್ಡಿನಲ್ಲಿ ಸಮೀಕರಣ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಅವನು ಕೇಳಿದ: "ಟೀಚರ್, ಇದು ಮೈಲುತುತ್ತು ಅಲ್ವಾ? ಅಪ್ಪ ಮದ್ದು ಬಿಡುವ ಮೊದಲು ಪೀಶಕತ್ತಿ ಅದ್ದಿ ನೋಡ್ತಾರೆ. ಕೆಂಪಾದ್ರೆ ಸುಣ್ಣ ಸಾಲದು ಅಂತ."

ನಾನೂ ತೋಟದ ಮನೆಯವಳೇ. ಮಳೆಗಾಲದಲ್ಲಿ ಅಪ್ಪ ಹಾಗೆ ಕತ್ತಿ ಅದ್ದುವುದನ್ನು ಎಷ್ಟೋ ಸಲ ನೋಡಿದ್ದೆ. ಕಾಲೇಜಿನಲ್ಲಿ ಇದೇ ಕ್ರಿಯೆಯನ್ನು ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಎರಡೂ ಒಂದೇ ಅಂತ ಅವತ್ತಿನವರೆಗೆ ನನಗೆ ತೋಚಿರಲಿಲ್ಲ. ಆ ಸಂಜೆ ಮನೆಗೆ ಹೋದ ಮೇಲೂ ಅದೇ ಯೋಚನೆ.

ಈಗ ಆ ಪಾಠಕ್ಕೆ ನಾನು ಅಡಿಕೆಗೆ ಬಿಡುವ ಆ ಮದ್ದನ್ನೇ, ಅಂದರೆ ಬೋರ್ಡೋ ದ್ರಾವಣವನ್ನೇ ಮಾಡಿಸುತ್ತೇನೆ. ತೋಟದಲ್ಲಿ ಲೆಕ್ಕ ಎಲ್ಲರಿಗೂ ಗೊತ್ತು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕ್ಲಾಸಿಗೆ 10 ಗ್ರಾಂ, 10 ಗ್ರಾಂ, 1 ಲೀಟರ್ ಸಾಕು. ಅರ್ಧ ಲೀಟರಿನಲ್ಲಿ ಮೈಲುತುತ್ತು, ಇನ್ನರ್ಧದಲ್ಲಿ ಸುಣ್ಣ ಕದಡಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು. ಒಬ್ಬರು ಬಿಡದೆ ಕಲಸುತ್ತಿರಬೇಕು. ನಾನು ಬೇಕೆಂದೇ ಇನ್ನೊಂದು ಪಾತ್ರೆಯಲ್ಲಿ ಸುಣ್ಣ ಕಡಿಮೆ ಹಾಕಿಸುತ್ತೇನೆ. ಎರಡಕ್ಕೂ ಹೊಳೆಯುವಂತೆ ಉಜ್ಜಿದ ಕತ್ತಿ ಅದ್ದಿದರೆ ಒಂದು ಹಾಗೇ ಇರುತ್ತದೆ, ಇನ್ನೊಂದರ ಮೇಲೆ ಕೆಂಪು ತಾಮ್ರ ಹತ್ತುತ್ತದೆ. ಸುಣ್ಣ ಸರಿಯಿದ್ದಾಗ ತಾಮ್ರವೆಲ್ಲ ನೀಲಿ ಗಸಿಯಾಗಿ ಬಿಡುತ್ತದೆ. ಕತ್ತಿಗೆ ಹತ್ತಲು ನೀರಿನಲ್ಲಿ ತಾಮ್ರ ಕರಗಿ ಉಳಿದಿರುವುದಿಲ್ಲ. ಉಳಿದಿದ್ದರೆ ಅದು ಗಿಡವನ್ನೂ ಸುಡುತ್ತದೆ. ಅಪ್ಪಂದಿರು ಕತ್ತಿ ಅದ್ದುವುದು ಅದಕ್ಕೇ.

ಮೊದಲ ವರ್ಷ ಉಳಿದ ಮೈಲುತುತ್ತಿನ ನೀರನ್ನು ಒಂದು ಹಳೆಯ ಕಬ್ಬಿಣದ ಬಾಲ್ದಿಯಲ್ಲಿ ಬಿಟ್ಟು ಮನೆಗೆ ಹೋಗಿದ್ದೆ. ಮರುದಿನ ಬಾಲ್ದಿಯ ಒಳಗೆಲ್ಲ ಕೆಂಪು ಪುಡಿ, ನೀರಿನ ನೀಲಿ ಹೋಗಿ ಮಂಕು ಹಸಿರು. ಬಾಲ್ದಿ ಹಾಳಾಯಿತು, ನಿಜ. ಆದರೆ ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಯಾಕೆ ಕರಗಿಸಬಾರದು ಎಂದು ಮಕ್ಕಳು ತಾವೇ ಹೇಳಿದರು. ಆ ಬಾಲ್ದಿಯನ್ನು ನಾನು ಇಟ್ಟುಕೊಂಡಿದ್ದೇನೆ.

ಈ ಮದ್ದಿನ ಕತೆಯನ್ನೂ ಹೇಳುತ್ತೇನೆ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳ ರೋಗಕ್ಕೆ ಇದು ಮದ್ದು ಎಂದು ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದವರು ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರು ಬರೆದದ್ದು 1910ರಲ್ಲಿ.

ಜೊತೆಗೆ ಒಂದು ಪದಗಳ ಪುಸ್ತಕ ಬೆಳೆಯುತ್ತಿದೆ. ಬರೆಯುವುದು ಮಕ್ಕಳೇ. ಕಾಪರ್ ಸಲ್ಫೇಟ್ ಎಂಬಲ್ಲಿ ಮೈಲುತುತ್ತು, ಅದರ ಪಕ್ಕ ಮಲಯಾಳದ ತುರಿಶ್. ಸೂಚಕ (ಹುಳಿಗೆ, ಕ್ಷಾರಕ್ಕೆ ಬಣ್ಣ ಬದಲಿಸುವ ವಸ್ತು) ಎಂಬಲ್ಲಿ ಅರಸಿನ, ದಾಸವಾಳ, ಪುನರ್ಪುಳಿ. ಪುನರ್ಪುಳಿಯ ಕೆಂಪು ನೀರಿಗೆ ಸೋಡಾ ಹಾಕಿ ಬಣ್ಣ ಬದಲಾಗುವುದನ್ನು ನೋಡುವಾಗ ಎಂಟನೆಯವರ ಗಲಾಟೆ ಪಕ್ಕದ ಕ್ಲಾಸಿಗೂ ಕೇಳುತ್ತದೆ.

ನನ್ನ ಸ್ವಂತ ಹುಚ್ಚು ಆಕಾಶ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಚೆನ್ನಾಗಿ ಕಂಡಿತ್ತು. ಏಪ್ರಿಲ್ 23ರ ಆಸುಪಾಸು ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆಗ ಶಾಲೆಗೆ ರಜೆ. ಆಗಸ್ಟಿನಲ್ಲಿ ಮತ್ತೆ ಬರುವಾಗ ಮೋಡ. ಹಾಗಾಗಿ ಮನೆಯಂಗಳದಲ್ಲಿ ಒನಕೆ ನಿಲ್ಲಿಸಿ ನಾನೊಬ್ಬಳೇ ಕಾಯುತ್ತೇನೆ. ನೆರಳು ಬುಡಕ್ಕೆ ಸೇರುವುದು 12 ಗಂಟೆಗಲ್ಲ, 12.28ರ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು ನಮ್ಮಿಂದ ಏಳೂವರೆ ಡಿಗ್ರಿ ಪೂರ್ವದ ರೇಖೆಯ ಲೆಕ್ಕದಲ್ಲಿ. ಡಿಗ್ರಿಗೆ 4 ನಿಮಿಷದಂತೆ ಹತ್ತಿರ ಹತ್ತಿರ ಅರ್ಧ ಗಂಟೆ. ಫೋಟೋ ತೆಗೆದು ಜೂನಿನಲ್ಲಿ ಮಕ್ಕಳಿಗೆ ತೋರಿಸುತ್ತೇನೆ.

ಶಾಲೆಯ ಹಳೆಯ ಹಂಚಿನ ಮಾಡಿನಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ನೆಲಕ್ಕೆ ಬೀಳುವ ಬಿಸಿಲಿನ ಬೊಟ್ಟು ಸುಮ್ನೆ ಬೆಳಕಲ್ಲ, ಸೂರ್ಯನ ಬಿಂಬವೇ. ಬೆಳಕಿಗೆ ಅಡ್ಡವಾಗಿ ನೇರ ರಟ್ಟು ಹಿಡಿದು ಅಳೆದೆವು. ತೂತಿನಿಂದ ರಟ್ಟಿಗೆ 4 ಮೀಟರ್, ಬಿಂಬದ ಅಗಲ ಸುಮಾರು 3.7 ಸೆಂಟಿಮೀಟರ್. ಸೂರ್ಯನಿಗೆ 15 ಕೋಟಿ ಕಿಲೋಮೀಟರ್ ದೂರ ಎಂದು ಪುಸ್ತಕದಲ್ಲಿದೆ. ಗುಣಿಸಿ ಭಾಗಿಸಿದರೆ ಸೂರ್ಯನ ಅಡ್ಡಗಲ ಸುಮಾರು 13.9 ಲಕ್ಷ ಕಿಲೋಮೀಟರ್ ಬಂತು. ಒಬ್ಬ ಹುಡುಗಿ ಪುಸ್ತಕ ತೆರೆದು ನೋಡಿ, "ಟೀಚರ್, ಸರಿ ಉಂಟು!" ಎಂದು ಎದ್ದೇ ನಿಂತಳು.

ಈಗ ನಮಗೆ ಹೊಸ ಕಾಂಕ್ರೀಟ್ ಕಟ್ಟಡ. ಮಳೆಗೆ ಸೋರುವುದಿಲ್ಲ, ಒಳ್ಳೆಯದೇ. ಬಿಸಿಲಿಗೆ ದಾರಿಯೂ ಇಲ್ಲ. ಹಾಗಾಗಿ ಈ ಸಲ ಪಶ್ಚಿಮದ ಕಿಟಕಿಗೆ ಕಪ್ಪು ರಟ್ಟು ಹೊಡೆಸಿ, ನಡುವೆ ಒಂದು ಸಣ್ಣ ತೂತು ಕೊರೆದಿದ್ದೇನೆ. ಮೂರೂವರೆಗೆ ಬಿಂಬ ನೆಲಕ್ಕೆ ಬೀಳುತ್ತದೆ. ಒಂಬತ್ತನೆಯವರು ಅದರ ಸುತ್ತ ದಿನವೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಾರೆ.